ನಗು ಯಾರ ಖರ್ಚಿನಲ್ಲಿ?

ಇವತ್ತು ಒಂದು ಜೋಕಿನಿಂದ ಶುರು ಮಾಡೋಣ.

1973ರ ಡಿಸೆಂಬರ್ 19ರ ರಾತ್ರಿ. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 'ದ ಟುನೈಟ್ ಶೋ' ನಡೀತಿದೆ. ನಿರೂಪಕರು ಜಾನಿ ಕಾರ್ಸನ್. ಆ ಕಾಲಕ್ಕೆ ಕೋಟ್ಯಂತರ ಅಮೆರಿಕನ್ನರು ಮಲಗೋ ಮುಂಚೆ ನೋಡ್ತಿದ್ದ ಕೊನೆಯ ಮುಖ ಅವರದು. ಅವತ್ತು ಅವರು ಹೇಳಿದ್ದರ ತಿರುಳು ಇಷ್ಟೇ: ದೇಶದಲ್ಲಿ ಏನೇನಕ್ಕೋ ಅಭಾವ ಅಂತ ಕೇಳ್ತಾ ಇದ್ದೀವಿ, ಈಗ ಟಾಯ್ಲೆಟ್ ಪೇಪರಿಗೂ ಅಭಾವ ಬಂದಿದೆಯಂತೆ. ಸ್ಟುಡಿಯೋದಲ್ಲಿ ಕೂತವರು ನಕ್ಕರು. ಮನೆಯಲ್ಲಿ ಕೂತವರೂ ನಕ್ಕಿರಬೇಕು. ಆದರೆ ಬೆಳಗಾದ ಮೇಲೆ ಅವರೇ ಅಂಗಡಿಗೆ ಓಡಿದರು. ಕೈಗೆ ಸಿಕ್ಕಷ್ಟು ಸುರುಳಿ ಹೊತ್ತುಕೊಂಡು ಬಂದರು. ಅಂಗಡಿಯ ರ‍್ಯಾಕು ಖಾಲಿ. ಖಾಲಿ ರ‍್ಯಾಕು ಕಂಡವರಿಗೆ, ಹೌದಲ್ಲ, ಕಾರ್ಸನ್ ಹೇಳಿದ್ದು ನಿಜ ಅನ್ನಿಸಿತು. ಅವರು ಇನ್ನೊಂದು ಅಂಗಡಿ ಹುಡುಕಿಕೊಂಡು ಹೋದರು. ಕಾರ್ಖಾನೆಗಳು ಎಂದಿನಂತೆ ನಡೀತಾನೇ ಇದ್ದವು. ಇಲ್ಲದ ಅಭಾವವನ್ನ ಜನ ತಾವೇ ತಯಾರು ಮಾಡಿಕೊಂಡರು. ಕೊನೆಗೆ ಕಾರ್ಸನ್ ಅದೇ ಕಾರ್ಯಕ್ರಮದಲ್ಲಿ, ಹಾಗೇನೂ ಇಲ್ಲ, ಗಾಬರಿ ಆಗಬೇಡಿ ಅಂತ ಹೇಳಬೇಕಾಯಿತು.

ಜನ ಯಾಕೆ ನಂಬಿದರು? ಅವರು ದಡ್ಡರೇನಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ಕೊಡೋದನ್ನ ನಿಲ್ಲಿಸಿದ್ದವು. ಪೆಟ್ರೋಲ್ ಬಂಕ್ ಮುಂದೆ ಕಾರುಗಳ ಸಾಲು. ನಿನ್ನೆವರೆಗೆ ಧಾರಾಳವಾಗಿ ಸಿಗ್ತಿದ್ದದ್ದು ಇವತ್ತು ಸಿಗದೇ ಹೋಗಬಹುದು ಅನ್ನೋದನ್ನ ಜನ ಕಣ್ಣಾರೆ ಕಂಡಿದ್ದರು. ಅದರ ಮೇಲೆ, ವಿಸ್ಕಾನ್ಸಿನ್ ರಾಜ್ಯದ ಹೆರಾಲ್ಡ್ ಫ್ರೋಲಿಕ್ ಅನ್ನೋ ಸಂಸದರು ಅದೇ ತಿಂಗಳು ಒಂದು ಹೇಳಿಕೆ ಕೊಟ್ಟಿದ್ದರು. ಸರ್ಕಾರಿ ಕಚೇರಿಗಳಿಗೆ ಬೇಕಾದಷ್ಟು ಟಾಯ್ಲೆಟ್ ಪೇಪರ್ ಸಿಗ್ತಾ ಇಲ್ಲ, ಮುಂದೆ ತೊಂದರೆ ಆಗಬಹುದು ಅಂತ. ಕಾರ್ಸನ್ ಅವರ ಬರಹಗಾರರು ಅದನ್ನ ಎತ್ತಿಕೊಂಡರು. 'ಮುಂದೆ' ಅನ್ನೋದು ಬಿಟ್ಟುಹೋಯಿತು, 'ಆಗಬಹುದು' ಅನ್ನೋದು 'ಆಗಿದೆ' ಆಯಿತು. (ಈ 'ಬಹುದು' ಇದೆಯಲ್ಲ, ಸುದ್ದಿ ಒಂದು ಡೆಸ್ಕಿನಿಂದ ಇನ್ನೊಂದು ಡೆಸ್ಕಿಗೆ ಹೋಗುವಾಗ ದಾರಿಯಲ್ಲಿ ಮೊದಲು ಕಳೆದುಹೋಗೋ ಸಾಮಾನು ಅದೇ.)

ಆ ಜೋಕಿನಲ್ಲಿ ಯಾರನ್ನೂ ಹಂಗಿಸಿರಲಿಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ. ಸುಮ್ಮನೆ ನಂಬೋ ಹಾಗಿತ್ತು, ಅಷ್ಟೇ. ಅಷ್ಟಕ್ಕೇ ಒಂದು ದೇಶ ಅಂಗಡಿಗೆ ಓಡಿತು.

ನಾನು ಓದಿದ್ದು ಇಂಜಿನಿಯರಿಂಗ್. ಮೈಕ್ ಹಿಡಿದು ಇಷ್ಟು ವರ್ಷ ಆದರೂ, ಏನೇ ಕಂಡರೂ ಅದಕ್ಕೊಂದು ಗ್ರಾಫ್ ಹಾಕೋ ಚಟ ಬಿಟ್ಟಿಲ್ಲ. ಅಮೆರಿಕದ ಈ ತಡರಾತ್ರಿ ಕಾರ್ಯಕ್ರಮಗಳಲ್ಲಿ ಒಂದು ಮೇಜು, ಪಕ್ಕದಲ್ಲೊಂದು ಸೋಫಾ, ಒಂದು ವಾದ್ಯವೃಂದ ಇರುತ್ತೆ. ಆರಂಭದಲ್ಲಿ ನಿರೂಪಕರು ಆ ದಿನದ ಸುದ್ದಿ ಹಿಡಿದು ಜೋಕ್ ಮಾಡ್ತಾರೆ. ಆಮೇಲೆ ಅತಿಥಿಗಳು ಬರೋ ಮುಂಚೆ ಮೂರು ನಾಲ್ಕು ನಿಮಿಷದ ಒಂದು ಹಾಸ್ಯದ ತುಣುಕು. ಅದನ್ನ ಅವರು 'ಬಿಟ್' ಅಂತ ಕರೀತಾರೆ. ನನ್ನಂಥವನಿಗೆ ಬಿಟ್ ಅಂದರೆ ಸೊನ್ನೆ ಇಲ್ಲವೇ ಒಂದು. ಇವರ ಬಿಟ್ ಅಷ್ಟು ಸುಲಭ ಅಲ್ಲ. ಅದಕ್ಕೆ ಎರಡು ಅಳತೆ ಬೇಕು. ಅಡ್ಡಗೆರೆಯ ಮೇಲೆ, ಇದು ಎಷ್ಟು ನಂಬೋ ಹಾಗಿದೆ? ನಿಂತ ಗೆರೆಯ ಮೇಲೆ, ಇದು ಎಷ್ಟು ಚುಚ್ಚುತ್ತೆ? ಯಾವ ಬಿಟ್ ಬೇಕಾದರೂ ತಗೊಂಡು ಈ ಗ್ರಾಫಿನಲ್ಲಿ ಒಂದು ಚುಕ್ಕಿ ಇಡಬಹುದು.

ಇದೆಲ್ಲ ಅಮೆರಿಕದವರ ಮಾತು, ನಮಗ್ಯಾಕೆ ಅಂತ ಕೇಳಬಹುದು. ಆ ಚಾನೆಲ್ ನಮ್ಮ ಮನೆಗೆ ಬರದೇ ಇರಬಹುದು, ಆ ತುಣುಕುಗಳು ಬಂದೇ ಬರ್ತವೆ. ಹಿಂದಿಲ್ಲ ಮುಂದಿಲ್ಲ, ಯಾರು ಮಾಡಿದ್ದು ಅಂತಿಲ್ಲ, ಮೂವತ್ತು ಸೆಕೆಂಡಿಗೆ ಕತ್ತರಿಸಿ ವಾಟ್ಸಾಪ್‌ನಲ್ಲಿ. ಜೋಕ್ ಅನ್ನೋ ಹಣೆಪಟ್ಟಿ ಕಳಚಿಕೊಂಡ ಮೇಲೆ ಅದು ಸುದ್ದಿ ಥರಾನೇ ಕಾಣುತ್ತೆ. ಸುದ್ದಿ ನನ್ನ ಹೊಟ್ಟೆಪಾಡು.

ಮೊದಲು ತುಂಬಾ ಚುಚ್ಚೋ, ಆದರೆ ಯಾರೂ ನಂಬದ ಬಿಟ್ ನೋಡೋಣ. ಕೋನನ್ ಓ'ಬ್ರಿಯನ್ ಅವರ ಕಾರ್ಯಕ್ರಮದಲ್ಲಿ 1997ರಲ್ಲಿ ಒಂದು ನಾಯಿ ಹುಟ್ಟಿಕೊಂಡಿತು. ಹೆಸರು ಟ್ರಯಂಫ್. ಕೈಗೆ ಹಾಕಿಕೊಂಡು ಆಡಿಸೋ ರಬ್ಬರ್ ಗೊಂಬೆ. ಬಾಯಲ್ಲಿ ಸಿಗಾರ್, ಪೂರ್ವ ಯುರೋಪಿನವರ ಉಚ್ಚಾರಣೆ. ಆಡಿಸೋರು ರಾಬರ್ಟ್ ಸ್ಮೈಗಲ್. ಈ ನಾಯಿಯ ಕೆಲಸ ಒಂದೇ, ಎದುರಿಗೆ ಬಂದವರನ್ನ ಹೀನಾಮಾನ ಬೈಯೋದು. 2002ರಲ್ಲಿ 'ಸ್ಟಾರ್ ವಾರ್ಸ್' ಸರಣಿಯ ಹೊಸ ಚಿತ್ರಕ್ಕಾಗಿ ನ್ಯೂಯಾರ್ಕಿನ ಥಿಯೇಟರ್ ಮುಂದೆ ಅಭಿಮಾನಿಗಳು ವೇಷ ಹಾಕಿಕೊಂಡು ಸಾಲು ನಿಂತಿದ್ದರು. ನಾಯಿ ಅಲ್ಲಿಗೆ ಹೋಯಿತು. ನಿಮಗೆ ಮದುವೆ ಆಗೋ ಯೋಗ ಇದೆಯಾ ಅನ್ನೋ ಮಟ್ಟದಲ್ಲಿ ಒಬ್ಬೊಬ್ಬರನ್ನೂ ಹುರಿದು ಮುಕ್ಕಿತು. ಬೈಸಿಕೊಂಡವರು ಏನು ಮಾಡಿದರು? ಬಿದ್ದು ಬಿದ್ದು ನಕ್ಕರು. ಬೈತಿರೋದು ರಬ್ಬರ್ ನಾಯಿ ಅಂತ ಗೊತ್ತು. ವೇಷ ಹಾಕಿಕೊಂಡು ಬೀದಿಗೆ ಬಂದಿರೋದೇ ನಾಲ್ಕು ಜನ ನೋಡಲಿ ಅಂತ. ಎದುರುತ್ತರ ಕೊಡೋಕೂ ಅವಕಾಶ ಇತ್ತು, ಕೆಲವರು ಚೆನ್ನಾಗಿಯೇ ಕೊಟ್ಟರು.

ಅದೇ ನಾಯಿ, ಅದೇ ಬಾಯಿ, ಎರಡು ವರ್ಷ ಬಿಟ್ಟು ಕೆನಡಾಕ್ಕೆ ಹೋಯಿತು. 2004ರ ಫೆಬ್ರವರಿಯಲ್ಲಿ ಕೋನನ್ ಅವರ ಕಾರ್ಯಕ್ರಮ ಒಂದು ವಾರ ಟೊರಾಂಟೊದಲ್ಲಿ ನಡೆಯಿತು. ಹಿಂದಿನ ವರ್ಷ ಸಾರ್ಸ್ ರೋಗದಿಂದ ಟೊರಾಂಟೊಗೆ ಪ್ರವಾಸಿಗರು ಬರೋದು ನಿಂತುಹೋಗಿತ್ತು, ಊರಿಗೆ ಮತ್ತೆ ಹೆಸರು ಬರಲಿ ಅಂತ ಈ ಏರ್ಪಾಟಿಗೆ ಸರ್ಕಾರದ ದುಡ್ಡೂ ಸೇರಿತ್ತು. ಟ್ರಯಂಫ್ ಅಲ್ಲಿಂದ ಕ್ಯುಬೆಕ್ ಪ್ರಾಂತ್ಯಕ್ಕೆ ಹೋಗಿ, ಫ್ರೆಂಚ್ ಮಾತಾಡೋ ಜನರನ್ನ ಬೀದಿಯಲ್ಲಿ ನಿಲ್ಲಿಸಿ ಅವರ ಭಾಷೆಯನ್ನೇ ಹಂಗಿಸಿತು. ಉತ್ತರ ಅಮೆರಿಕದಲ್ಲಿದ್ದೀರಿ, ಇಲ್ಲಿನ ಭಾಷೆ ಕಲೀರಿ ಅನ್ನೋ ಧಾಟಿ. ಈ ಸಲ ನಗು ಬರಲಿಲ್ಲ. ಕೆನಡಾದ ಪಾರ್ಲಿಮೆಂಟಿನಲ್ಲೇ ಗಲಾಟೆ ಆಯಿತು.

ಏನು ಬದಲಾಗಿತ್ತು? ರಬ್ಬರ್ ಬದಲಾಗಿರಲಿಲ್ಲ. ಸ್ಟಾರ್ ವಾರ್ಸ್ ಅಭಿಮಾನಿಗೆ ನಾಯಿ ಹೇಳಿದ್ದು ನಾಯಿಯ ಮಾತಾಗಿತ್ತು. ಕ್ಯುಬೆಕ್‌ನವರಿಗೆ ಅದು ಹೇಳಿದ್ದು ತಲೆಮಾರುಗಳಿಂದ ನಿಜವಾದ ಮನುಷ್ಯರ ಬಾಯಲ್ಲಿ ಕೇಳಿಕೊಂಡು ಬಂದ ಮಾತು. ತಮ್ಮ ಭಾಷೆಗಾಗಿ ಅವರು 1977ರಲ್ಲಿ ಕಾನೂನು ಮಾಡಿಕೊಂಡ ಜನ. ಕೆನಡಾದಿಂದ ಬೇರೆ ಆಗಬೇಕಾ ಅಂತ 1995ರಲ್ಲಿ ಮತ ಹಾಕಿದಾಗ, ಬೇಡ ಅನ್ನೋ ಪಕ್ಷ ಗೆದ್ದದ್ದು ಬರೀ ಶೇ 50.58 ಮತದಿಂದ. ಅಂಥ ಕಡೆ ಹೋಗಿ ನಿಮ್ಮ ಭಾಷೆ ಯಾಕೆ ಅಂತ ಕೇಳಿದರೆ, ಕೇಳಿದ್ದು ನಾಯಿಯೋ ಮನುಷ್ಯನೋ ಅನ್ನೋದು ಮುಖ್ಯ ಆಗಲ್ಲ. ಬೆಂಗಳೂರಿನಲ್ಲಿ, ನಮ್ಮ ಊರಿನ ಅಂಗಡಿಯಲ್ಲೇ, 'ಕನ್ನಡ್ ಗೊತ್ತಿಲ್ಲ' ಅನ್ನಿಸಿಕೊಂಡು ಆಚೆ ಬಂದ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ, ನಂಬೋ ಹಾಗಿರೋದು ಅಂದರೆ ಘಟನೆ ನಿಜ ಅನ್ನಿಸೋದು ಮಾತ್ರ ಅಲ್ಲ. ಈ ಮಾತನ್ನ ಮನಸಾರೆ ಆಡೋರು ಇದ್ದಾರೆ ಅಂತ ಅನ್ನಿಸಿದರೂ ಸಾಕು. ಗೊಂಬೆ ಅಷ್ಟು ದೊಡ್ಡ ರಕ್ಷಣೆ ಅಲ್ಲ.

ಈಗ ಎದುರು ಮೂಲೆಗೆ ಬನ್ನಿ. ಪೂರ್ತಿ ನಂಬೋ ಹಾಗಿದೆ, ಆದರೆ ಬಡಪಾಯಿ ಯಾರಿಗೂ ಚುಚ್ಚಲ್ಲ. ಇದರಲ್ಲಿ ಎಬಿಸಿ ಚಾನೆಲ್‌ನ ಜಿಮ್ಮಿ ಕಿಮ್ಮೆಲ್ ಪಳಗಿದ ಕೈ. 2013ರ ಸೆಪ್ಟೆಂಬರಿನಲ್ಲಿ ಯೂಟ್ಯೂಬಿನಲ್ಲಿ ಒಂದು ವಿಡಿಯೋ ಬಂತು. ಒಬ್ಬ ಹುಡುಗಿ ಬಾಗಿಲಿಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತು ಡಾನ್ಸ್ ಮಾಡ್ತಿದ್ದಾಳೆ. ಆ ಕಡೆಯಿಂದ ಯಾರೋ ಬಾಗಿಲು ತೆಗೀತಾರೆ. ಇವಳು ಮೇಣದಬತ್ತಿ ಇಟ್ಟಿದ್ದ ಟೀಪಾಯಿ ಮೇಲೆ ಬೀಳ್ತಾಳೆ, ಗಾಜು ಒಡೆಯುತ್ತೆ, ಬಟ್ಟೆಗೆ ಬೆಂಕಿ. ಲಕ್ಷಗಟ್ಟಲೆ ಜನ ನೋಡಿದರು. ಟಿವಿ ಚಾನೆಲ್‌ಗಳು ಹಾಕಿದವು, ನಿರೂಪಕರು ಅಯ್ಯೋ ಪಾಪ ಅಂದರು. ಕೆಲವು ದಿನ ಆದಮೇಲೆ ಕಿಮ್ಮೆಲ್ ಪೂರ್ತಿ ವಿಡಿಯೋ ತೋರಿಸಿದರು. ಅದರ ಕೊನೆಯಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಹಿಡಿದು ಒಳಗೆ ಬರೋರು ಸ್ವತಃ ಕಿಮ್ಮೆಲ್. ಹುಡುಗಿ ಸಿನಿಮಾಗಳಲ್ಲಿ ಸಾಹಸ ಮಾಡೋ ಕಲಾವಿದೆ. ಅದನ್ನ ಅವರು ಯಾವ ಚಾನೆಲ್‌ಗೂ ಕಳಿಸಿರಲಿಲ್ಲ. ಯೂಟ್ಯೂಬಿಗೆ ಹಾಕಿ ಸುಮ್ಮನೆ ಕೂತಿದ್ದರು. ಚಾನೆಲ್‌ಗಳೇ ಬಂದು ಎತ್ತಿಕೊಂಡು ಹೋದವು.

ಐದು ತಿಂಗಳಿಗೆ ಮತ್ತೆ. 2014ರ ಫೆಬ್ರವರಿ, ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್. ಅಮೆರಿಕದ ಕ್ರೀಡಾಪಟು ಕೇಟ್ ಹ್ಯಾನ್ಸನ್ ಒಂದು ವಿಡಿಯೋ ಹಾಕಿದರು. ತನ್ನ ಕೋಣೆಯ ಹೊರಗೆ, ಕಾರಿಡಾರಿನಲ್ಲಿ ತೋಳ ಓಡಾಡ್ತಿದೆ ಅಂತ! ಚಾನೆಲ್‌ಗಳು ಮತ್ತೆ ಹಾಕಿದವು. ಆ ಕಾರಿಡಾರ್ ಇದ್ದದ್ದು ಸೋಚಿಯಲ್ಲಲ್ಲ, ಕಿಮ್ಮೆಲ್ ಅವರ ಲಾಸ್ ಏಂಜಲೀಸ್ ಸ್ಟುಡಿಯೋದಲ್ಲಿ ಹಾಕಿದ ಸೆಟ್ ಅದು. ತೋಳವೂ ಸಾಕಿದ್ದೇ. ಆದರೆ ಅದಕ್ಕೂ ಹಿಂದಿನ ಎರಡು ವಾರ ಪತ್ರಕರ್ತರೆಲ್ಲ ಸೋಚಿಯಿಂದ ಅರ್ಧಂಬರ್ಧ ಕಟ್ಟಿದ ಹೋಟೆಲ್, ನಲ್ಲಿಯಲ್ಲಿ ಬರ್ತಿದ್ದ ಕೆಸರು ನೀರು, ಬೀದಿ ನಾಯಿಗಳ ಫೋಟೋ ಹಾಕಿ ಹಾಕಿ ನೆಲ ಹದ ಮಾಡಿಟ್ಟಿದ್ದರು. ಬೀದಿ ನಾಯಿ ಇದ್ದ ಕಡೆ ತೋಳ ಯಾಕೆ ಬರಬಾರದು? ಕಾರ್ಸನ್ ಅವರ ಟಾಯ್ಲೆಟ್ ಪೇಪರಿನದ್ದೇ ಲೆಕ್ಕ. ಮುಕ್ಕಾಲು ಭಾಗ ಸುದ್ದಿ ಮೊದಲೇ ಬಿದ್ದಿರುತ್ತೆ, ಉಳಿದ ಕಾಲು ಭಾಗ ಹಾಸ್ಯಗಾರ ತುಂಬ್ತಾನೆ.

ಈ ಎರಡರಲ್ಲಿ ಬಕ್ರಾ ಆದವರು ಯಾರು? ನಾವು. ಸುದ್ದಿ ಮಾಡೋರು. ಒಂದು ಫೋನ್ ಮಾಡಿ ವಿಚಾರಿಸೋ ಶಕ್ತಿ ಇದ್ದೂ ಮಾಡದವರು. ನನಗಂತೂ ಇದರ ಬಗ್ಗೆ ಸಿಟ್ಟಿಲ್ಲ. ಹಾಸ್ಯಗಾರ ಕೆಲವೇ ದಿನಗಳಲ್ಲಿ ತಾನೇ ಪರದೆ ಎತ್ತಿ, ಇದು ಸುಳ್ಳು, ಮಾಡಿದ್ದು ನಾನು ಅಂತ ಎಲ್ಲರ ಮುಂದೆ ಹೇಳಿದ. 'ವೈರಲ್' ಅಂತ ಕೆಂಪು ಪಟ್ಟಿ ಹಾಕಿ ಸುಳ್ಳು ವಿಡಿಯೋ ಓಡಿಸಿದ ಎಷ್ಟು ಚಾನೆಲ್‌ಗಳು, ಅದೇ ಹೊತ್ತಿಗೆ, ಅದೇ ಅಳತೆಯ ಪಟ್ಟಿ ಹಾಕಿ, ಅದು ಸುಳ್ಳು ಅಂತ ಹೇಳ್ತವೆ?

ಆದರೆ ಅದೇ ಕಿಮ್ಮೆಲ್ 2011ರಲ್ಲಿ ಶುರು ಮಾಡಿದ ಇನ್ನೊಂದು ಬಿಟ್ ಇದೆ. ಅಲ್ಲಿ ನಾನು ನಿಲ್ಲಬೇಕಾಗುತ್ತೆ.

ಅಕ್ಟೋಬರ್ 31, ಹ್ಯಾಲೋವೀನ್. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಮಿಠಾಯಿ ಕೇಳಿ ತರ್ತಾರೆ. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋದ ಮಕ್ಕಳು ಮನೆಗೆ ಬಂದು, ಯಾರ ಮನೆಯಲ್ಲಿ ಎಷ್ಟು ಸಕ್ಕರೆ ಅಚ್ಚು ಸಿಕ್ಕಿತು ಅಂತ ಹರಡಿಕೊಂಡು ಎಣಿಸ್ತಾರಲ್ಲ, ಅದೇ ಸಂಭ್ರಮ. ಕಿಮ್ಮೆಲ್ ಅಪ್ಪ ಅಮ್ಮಂದಿರಿಗೆ ಕರೆ ಕೊಟ್ಟರು. ಮಾರನೇ ಬೆಳಗ್ಗೆ ಮಕ್ಕಳಿಗೆ, 'ನಿನ್ನ ಮಿಠಾಯಿ ಎಲ್ಲಾ ನಾನೇ ತಿಂದುಬಿಟ್ಟೆ' ಅಂತ ಸುಳ್ಳು ಹೇಳಿ. ಅವರ ಮುಖ ವಿಡಿಯೋ ಮಾಡಿ. ನಮಗೆ ಕಳಿಸಿ.

ವಿಡಿಯೋಗಳು ರಾಶಿ ರಾಶಿ ಬಂದವು. ವರ್ಷಗಟ್ಟಲೆ ನಡೆಯಿತು ಇದು. ಮೂರು ವರ್ಷದ ಮಗು ಮೊದಲು ಅಮ್ಮನ ಮುಖ ನೋಡುತ್ತೆ. ಖಾಲಿ ಬುಟ್ಟಿ ನೋಡುತ್ತೆ. ಮತ್ತೆ ಅಮ್ಮನ ಮುಖ. ಆಮೇಲೆ ಕೆಳಗಿನ ತುಟಿ ನಡುಗೋಕೆ ಶುರು ಆಗುತ್ತೆ. ಕೆಲವು ಮಕ್ಕಳು ನೆಲಕ್ಕೆ ಬಿದ್ದು ಹೊರಳಾಡ್ತವೆ, ಕೆಲವು ಕೈಗೆ ಸಿಕ್ಕಿದ್ದನ್ನ ಎಸೀತವೆ. ಪರವಾಗಿಲ್ಲ ಬಿಡಮ್ಮ ಅಂತ ಅಮ್ಮನನ್ನೇ ಸಮಾಧಾನ ಮಾಡೋ ಮಕ್ಕಳೂ ಇವೆ. ಅಂಥವು ಬಂದಾಗ ಸ್ಟುಡಿಯೋದಲ್ಲಿ 'ಓ' ಅಂತ ಒಂದು ಉದ್ಗಾರ ಬರುತ್ತೆ. ಮುಂದಿನ ಮಗು ಅತ್ತಾಗ ಮತ್ತೆ ನಗು.

ಎರಡು ನಿಮಿಷದ ಅಳು, ಆಮೇಲೆ ಮಿಠಾಯಿ ವಾಪಸ್ ಕೊಡ್ತಾರೆ, ಇದರಲ್ಲೇನು ಅಂಥಾ ಘೋರ ಅಂತ ವಾದ ಮಾಡೋರು ಇದ್ದಾರೆ. ಸರಿ. ನಾನೂ ಇದನ್ನ ಹಿಂಸೆ ಅಂತ ಕರೆದು ಚರ್ಚೆಗೆ ಆರು ಜನರನ್ನ ಕೂರಿಸೋಕೆ ಹೊರಟಿಲ್ಲ. ನಮ್ಮ ಅಜ್ಜಂದಿರೂ, ನಿನ್ನ ಮೂಗು ಕಿತ್ತುಕೊಂಡೆ ನೋಡು ಅಂತ ಮಕ್ಕಳನ್ನ ಆಡಿಸ್ತಿದ್ದರು. ಆದರೆ ಗ್ರಾಫಿಗೆ ಚುಕ್ಕಿ ಇಡುವಾಗ ಒಂದು ವಿಚಿತ್ರ ಕಾಣುತ್ತೆ. ತೋಳದ ವಿಡಿಯೋ ನಂಬೋ ಹಾಗೆ ಮಾಡೋಕೆ ಕಿಮ್ಮೆಲ್ ತಂಡ ಸೆಟ್ ಹಾಕಬೇಕಾಯಿತು, ತೋಳ ತರಬೇಕಾಯಿತು, ಒಬ್ಬ ಒಲಿಂಪಿಕ್ಸ್ ಆಟಗಾರ್ತಿಯನ್ನ ಒಪ್ಪಿಸಬೇಕಾಯಿತು. ಇಲ್ಲಿ ಏನು ಖರ್ಚಾಯಿತು? ಏನೂ ಇಲ್ಲ. ಅಮ್ಮ ಹೇಳಿದರು, ಮಗು ನಂಬಿತು. ಆ ನಂಬಿಕೆಯನ್ನ ಬರಹಗಾರರು ಕಟ್ಟಿದ್ದಲ್ಲ. ಮೂರು ವರ್ಷದಿಂದ ರಾತ್ರಿ ಎದ್ದು ಹಾಲು ಕುಡಿಸಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಆ ಅಮ್ಮ ಕಟ್ಟಿದ್ದು. ಕಾರ್ಯಕ್ರಮ ಅದನ್ನ ಪುಕ್ಕಟೆ ತಗೊಂಡು ಮೂರು ನಿಮಿಷದ ನಗುವಿಗೆ ಖರ್ಚು ಮಾಡಿತು.

ಇನ್ನೊಂದು. ಅಮೆರಿಕದಲ್ಲಿ ಬೀದಿಯಲ್ಲಿ ಹೋಗೋರನ್ನ ಬಕ್ರಾ ಮಾಡಿದ ಮೇಲೆ, ಅದನ್ನ ಪ್ರಸಾರ ಮಾಡೋಕೆ ಸಾಮಾನ್ಯವಾಗಿ ಅವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ತಾರೆ. ಆ ಮಗುವಿನ ಪರವಾಗಿ ಒಪ್ಪಿಗೆ ಕೊಡೋರು ಯಾರು? ಸುಳ್ಳು ಹೇಳಿದವರೇ. ಆ ಮಗುವಿಗೆ ಹದಿನೈದು ವರ್ಷ ಆದಾಗಲೂ ಆ ವಿಡಿಯೋ ಅಲ್ಲೇ ಇರುತ್ತೆ.

ನನ್ನ ವಾದ ಇಲ್ಲಿದೆ ನೋಡಿ. ಒಂದು ಬಿಟ್ ತುಂಬಾ ಚುಚ್ಚುತ್ತೆ, ಜತೆಗೆ ತುಂಬಾ ನಂಬೋ ಹಾಗೂ ಇದೆ ಅಂತಾದರೆ, ಅದರೊಳಗೆ ಯಾರೋ ಒಬ್ಬರಿಗೆ ಇದು ಜೋಕ್ ಅಂತ ಹೇಳಿರೋದಿಲ್ಲ. ನಗು ಹುಟ್ಟೋದೇ ಆ ಒಬ್ಬರಿಂದ. ನೋಡೋ ನಮಗೆ ಎಲ್ಲಾ ಗೊತ್ತು, ಆ ಒಬ್ಬರಿಗೆ ಮಾತ್ರ ಗೊತ್ತಿಲ್ಲ. ಆ ಒಬ್ಬರು ಯಾರು ಅಂತ ನೋಡಿದರೆ ಸಾಕು, ಬಿಟ್‌ನ ಜಾತಕ ಸಿಗುತ್ತೆ.

ಬೀದಿಯ ಮೈಕ್ ನೋಡಿ. ಜೇ ಲೆನೊ ಅವರ 'ಜೇವಾಕಿಂಗ್' ಬಹಳ ಹಳೇದು. ರಸ್ತೆಯಲ್ಲಿ ಹೋಗೋರನ್ನ ನಿಲ್ಲಿಸಿ ಇತಿಹಾಸದ, ಭೂಗೋಳದ ಸುಲಭ ಪ್ರಶ್ನೆ ಕೇಳೋದು, ಅವರು ತಪ್ಪು ಉತ್ತರ ಕೊಡೋದು. ಕಿಮ್ಮೆಲ್ ಅದನ್ನ ಒಂದು ಹೆಜ್ಜೆ ಮುಂದೆ ತಗೊಂಡು ಹೋದರು. ಅವರ 'ಲೈ ವಿಟ್ನೆಸ್ ನ್ಯೂಸ್'ನಲ್ಲಿ ಪ್ರಶ್ನೆಯೇ ಸುಳ್ಳು. ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತ ಉತ್ಸವಕ್ಕೆ ಬಂದವರನ್ನ 2013ರಲ್ಲಿ ನಿಲ್ಲಿಸಿ, ಇಲ್ಲದ ತಂಡಗಳ ಹೆಸರು ಹೇಳಿ, ಹೇಗಿದೆ ಅವರ ಹಾಡು ಅಂತ ಕೇಳಿದರು. ಓ, ಅವರಾ, ಸೂಪರ್ ಅಂದರು ಜನ! ಮನೆಯಲ್ಲಿ ಕೂತವರಿಗೆ ಎಷ್ಟು ಮಜಾ. ಎಂಥಾ ಸುಳ್ಳುಬುರುಕರು, ಎಂಥಾ ದಡ್ಡರು ಅಂತ.

ಮೈಕ್‌ನ ಈ ಕಡೆ ನಿಂತು ನೋಡಿದವನಾಗಿ ಎರಡು ಮಾತು ಹೇಳ್ತೀನಿ. ಚಾನೆಲ್ ಲೋಗೋ ಇರೋ ಮೈಕ್ ಮುಖದ ಮುಂದೆ ಬಂದ ಕೂಡಲೇ ಮನುಷ್ಯ ಬದಲಾಗ್ತಾನೆ. ಗೊತ್ತಿಲ್ಲ ಅನ್ನೋದು ಅವಮಾನ ಅನ್ನಿಸುತ್ತೆ. ಕೇಳ್ತಿರೋರು ಟಿವಿಯವರು, ಅವರಿಗೆ ಗೊತ್ತಿಲ್ಲದೇ ಕೇಳ್ತಾರಾ ಅನ್ನಿಸುತ್ತೆ. ಆ ತಂಡ ಇದೆ ಅಂತ ಪ್ರಶ್ನೆಯೇ ಹೇಳಿಬಿಟ್ಟಿರುತ್ತೆ. ಇವನು ಸುಳ್ಳು ಹೇಳ್ತಿದ್ದಾನೆ ಅನ್ನೋದಕ್ಕಿಂತ ಮರ್ಯಾದೆಗೆ ಹೂಂ ಅಂತಿದ್ದಾನೆ ಅನ್ನೋದು ಸರಿ. ಇನ್ನೊಂದು ಮಾತು ಎಡಿಟಿಂಗ್ ಬಗ್ಗೆ. ಆ ತುಣುಕಿನಲ್ಲಿ ಐದು ಜನ ತಪ್ಪು ಹೇಳ್ತಾರೆ. ಎಷ್ಟು ಜನರನ್ನ ಕೇಳಿದರು? ಇಲ್ಲ, ಅಂಥ ತಂಡ ನಾನು ಕೇಳಿಲ್ಲ ಅಂದವರು ಎಷ್ಟು? ಅವರು ಎಡಿಟಿಂಗ್ ಟೇಬಲ್ ದಾಟಿ ಬರೋದಿಲ್ಲ. ಸರಿ ಉತ್ತರದಲ್ಲಿ ನಗು ಇಲ್ಲ.

ನಮ್ಮಲ್ಲೂ ಪ್ರತಿವರ್ಷ ನವೆಂಬರ್ 1 ಬಂದರೆ ಮೈಕ್ ಹಿಡಿದು ಮಾಲ್ ಮುಂದೆ ನಿಲ್ಲೋರು ಇದ್ದಾರೆ. ನಾಡಗೀತೆ ಬರೆದೋರು ಯಾರು? ವರ್ಣಮಾಲೆ ಹೇಳಿ. ತಡವರಿಸಿದ ಹುಡುಗನನ್ನ ಹಾಕ್ತಾರೆ, ಕೆಳಗೆ ಅಳೋ ಮುಖದ ಇಮೋಜಿ, ಹಿಂದೆ ಶೋಕದ ಪಿಟೀಲು. ಕುವೆಂಪು ಅಂತ ಥಟ್ ಅಂತ ಹೇಳಿ ಹೋದ ಹುಡುಗಿಯನ್ನ ಹಾಕಲ್ಲ. ನೋಡಿದವರಿಗೆ ಉಳಿಯೋದು, ಈಗಿನ ಮಕ್ಕಳೆಲ್ಲ ಹಾಳಾಗಿಹೋದರು ಅನ್ನೋ ತೀರ್ಪು. ಕಿಮ್ಮೆಲ್ ಮಾಡಿದ್ದು ಹಾಸ್ಯ ಅಂತ ಕಾರ್ಯಕ್ರಮದ ಹೆಸರಿನಲ್ಲೇ ಇದೆ. ಇದನ್ನ ನಾವು ಸಮೀಕ್ಷೆ ಅಂತ ಹಾಕ್ತೀವಿ.

ಹಾಗಾದರೆ ಚುಚ್ಚೋ ಹಾಸ್ಯವೇ ಬೇಡವಾ? ಚುಚ್ಚದ ಹಾಸ್ಯ ಉಪ್ಪಿಲ್ಲದ ಸಾರು. ಕಿಮ್ಮೆಲ್ ಅವರದ್ದೇ 'ಮೀನ್ ಟ್ವೀಟ್ಸ್' ನೋಡಿ. 2012ರಲ್ಲಿ ಶುರುವಾಯಿತು. ಹೆಸರಾಂತ ನಟನಟಿಯರು ಕ್ಯಾಮೆರಾ ಮುಂದೆ ನಿಂತು, ಟ್ವಿಟರ್‌ನಲ್ಲಿ ಜನ ತಮ್ಮನ್ನ ಬೈದಿರೋದನ್ನ ತಾವೇ ಓದ್ತಾರೆ. 2015ರಲ್ಲಿ ಆಗಿನ ಅಧ್ಯಕ್ಷ ಬರಾಕ್ ಒಬಾಮ ಕೂಡ ಬಂದು ಓದಿದರು. ಇದರಲ್ಲಿ ಚುಚ್ಚೋದು ನೂರಕ್ಕೆ ನೂರು ನಿಜ. ಯಾರೋ ನಿಜವಾಗಿ ದ್ವೇಷದಿಂದ ಬರೆದದ್ದೇ. ಆದರೂ ಇದು ನಡೆಯುತ್ತೆ. ಬೈಸಿಕೊಂಡವರ ಕೈಯಲ್ಲೇ ಮೈಕ್ ಇದೆ. ಓದಿ ಮುಗಿಸಿ ಕ್ಯಾಮೆರಾ ಕಡೆ ಒಂದು ನೋಟ ಕೊಡ್ತಾರಲ್ಲ, ನಗು ಬರೋದು ಅಲ್ಲಿ, ಬೈಗುಳದಲ್ಲಿ ಅಲ್ಲ. ಒಳಗೆ ಗೊತ್ತಿಲ್ಲದವರು ಯಾರೂ ಇಲ್ಲ. ಸೆಲೆಬ್ರಿಟಿ ಬದಲು, ಅದೇ ಟ್ವಿಟರ್‌ನಲ್ಲಿ ಬೈಸಿಕೊಂಡ ಒಬ್ಬ ಕಾಲೇಜು ಹುಡುಗಿಯನ್ನ ತಂದು ನಿಲ್ಲಿಸಿ ಓದಿಸಿದರೆ? ಯಾರಿಗೂ ನೋಡೋಕಾಗಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಹಾಸ್ಯಗಾರರೇ ಸುಳ್ಳು ಕಟ್ಟಿದ್ದು, ಅಥವಾ ತಾವೇ ಸನ್ನಿವೇಶ ಹೂಡಿದ್ದು. ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಘಟನೆ ನಿಜವಾಗಿ ನಡೆದಿರುತ್ತೆ, ಸುದ್ದಿ ಚಾನೆಲ್‌ಗಳು ಹಗಲೆಲ್ಲ ತೋರಿಸಿರುತ್ತವೆ. ನಂಬಿಸೋ ಕೆಲಸ ಮುಗಿದಿದೆ. ರಾತ್ರಿ ಬಂದು ಚುಚ್ಚಿದರೆ ಸಾಕು. 1998ರ ಜನವರಿಯಲ್ಲಿ ಮೋನಿಕಾ ಲೆವಿನ್ಸ್ಕಿ ಹೆಸರು ಹೊರಬಂದಾಗ ಆಕೆಗೆ 24 ವರ್ಷ. ಆ ಕಡೆ ಇದ್ದವರು ಅಮೆರಿಕದ ಅಧ್ಯಕ್ಷರು, 51 ವರ್ಷ. ತಡರಾತ್ರಿಯ ಜೋಕುಗಳು ಇಬ್ಬರ ಮೇಲೂ ಬಂದವು ನಿಜ. ಆದರೆ ಅಧ್ಯಕ್ಷರ ಮೇಲಿನ ಜೋಕ್ ಅವರ ಅಧಿಕಾರಕ್ಕೆ ತಗುಲಿ ಅಲ್ಲೇ ನಿಲ್ತಿತ್ತು. ಆಕೆಯ ಮೇಲಿನ ಜೋಕ್ ಅವಳ ಮೈಕಟ್ಟು, ಅವಳ ಹೆಸರು, ಅವಳ ಮುಂದಿನ ಬದುಕು ಎಲ್ಲಕ್ಕೂ ಅಂಟಿಕೊಂಡಿತು. ಅಧ್ಯಕ್ಷರು ಅವಧಿ ಮುಗಿಸಿದರು. ಆಕೆ 2015ರಲ್ಲಿ ಟೆಡ್ ವೇದಿಕೆಗೆ ಬಂದು, ಅಂತರ್ಜಾಲದಲ್ಲಿ ಮಾನ ಕಳೆದುಕೊಂಡವರಲ್ಲಿ ಮೊದಲಿಗಳು ತಾನು ಅಂತ ಹೇಳಿಕೊಂಡರು. 2019ರಲ್ಲಿ ಇನ್ನೊಬ್ಬ ತಡರಾತ್ರಿ ನಿರೂಪಕ ಜಾನ್ ಆಲಿವರ್ ಆಕೆಯನ್ನ ಕೂರಿಸಿ ಮಾತಾಡಿಸಿದರು, ಜೇ ಲೆನೊ ಅವರ ಆ ಕಾಲದ ಜೋಕುಗಳನ್ನ ಮತ್ತೆ ಹಾಕಿ ತೋರಿಸಿದರು. ಇಪ್ಪತ್ತು ವರ್ಷ ಕಳೆದ ಮೇಲೆ ಅವನ್ನ ಕೇಳೋದು ಕಷ್ಟ. ಜೋಕಿಗೆ ವಯಸ್ಸಾಗಿರೋದು ಮಾತ್ರ ಕಾರಣ ಅಲ್ಲ.

ಆ ದಾರಿಯಲ್ಲಿ ಹೋಗದೇ ನಿಂತವರು ಒಬ್ಬರಿದ್ದಾರೆ. ಕ್ರೇಗ್ ಫರ್ಗುಸನ್. ಸ್ಕಾಟ್ಲೆಂಡ್‌ನಿಂದ ಬಂದವರು, ಸಿಬಿಎಸ್ ಚಾನೆಲ್‌ನಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಬರ್ತಿದ್ದ 'ದ ಲೇಟ್ ಲೇಟ್ ಶೋ' ನಿರೂಪಕರು. 2007ರ ಫೆಬ್ರವರಿಯಲ್ಲಿ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಒಂದು ಸಲೂನಿಗೆ ಹೋಗಿ ತನ್ನ ತಲೆ ತಾನೇ ಬೋಳಿಸಿಕೊಂಡರು. ವಯಸ್ಸು 25. ಎರಡು ಎಳೆ ಮಕ್ಕಳ ತಾಯಿ. ಕಿಟಕಿಯಾಚೆ ನೂಕಾಡ್ತಿದ್ದ ಕ್ಯಾಮೆರಾಗಳು. ಹಾಸ್ಯಗಾರರಿಗೆ ಹಬ್ಬ. ಫರ್ಗುಸನ್ ಅದರ ಮುಂದಿನ ಸೋಮವಾರ, ಅಂದರೆ ಫೆಬ್ರವರಿ 19ರಂದು ವೇದಿಕೆಗೆ ಬಂದು, ಇವತ್ತು ನಾನು ಬ್ರಿಟ್ನಿ ಜೋಕ್ ಹೇಳಲ್ಲ ಅಂದರು. ಹಾಸ್ಯ ಅನ್ನೋದು ಬಲಶಾಲಿಗಳ ಮೇಲೆ, ರಾಜಕಾರಣಿಗಳ ಮೇಲೆ ಹೋಗಬೇಕು, ಹೀಗೆ ಕುಸೀತಿರೋರ ಮೇಲೆ ಅಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಆಮೇಲೆ ತಮ್ಮದೇ ಕಥೆ ಹೇಳಿದರು. ತಾನು ಕುಡಿತದ ದಾಸ, ಅದನ್ನ ಬಿಟ್ಟು 15 ವರ್ಷ ಆಯಿತು. ಅದಕ್ಕೂ ಮುಂಚೆ ಒಂದು ಕ್ರಿಸ್‌ಮಸ್ ಬೆಳಗ್ಗೆ ಲಂಡನ್ನಿನ ಸೇತುವೆಯಿಂದ ಹಾರಿ ಪ್ರಾಣ ಬಿಡೋಕೆ ಹೊರಟಿದ್ದೆ. ದಾರಿಯಲ್ಲಿ ಪಬ್‌ನವನೊಬ್ಬ ಕರೆದು ಒಂದು ಗ್ಲಾಸ್ ಕೊಟ್ಟ, ಕುಡಿತಾ ಕೂತು ಸಾಯೋಕೆ ಹೊರಟಿದ್ದೇ ಮರೆತುಹೋಯಿತು ಅಂತ.

ಆ ವಿಡಿಯೋ ಅಂತರ್ಜಾಲದಲ್ಲಿ ಈಗಲೂ ಸಿಗುತ್ತೆ. ಹತ್ತು ನಿಮಿಷಕ್ಕೂ ಹೆಚ್ಚಿದೆ. ಸಮಯ ಸಿಕ್ಕರೆ ಪೂರ್ತಿ ನೋಡಿ, ಕತ್ತರಿಸಿದ ತುಣುಕು ಬೇಡ. ಫರ್ಗುಸನ್ ಅವರ ಮುಖಕ್ಕಿಂತ ಹೆಚ್ಚಾಗಿ ಸ್ಟುಡಿಯೋದಲ್ಲಿ ಕೂತವರ ಸದ್ದಿನ ಮೇಲೆ ಕಿವಿ ಇಡಿ. ಅವರು ನಗೋಕೆ ಅಂತ ಬಂದವರು. ಬ್ರಿಟ್ನಿ ಹೆಸರು ಬಂದ ಕೂಡಲೇ ನಗ್ತಾರೆ. ಜೋಕ್ ಹೇಳಲ್ಲ ಅಂದಾಗಲೂ, ಇದೇ ಜೋಕ್ ಇರಬೇಕು ಅಂತ ಕೆಲವರು ನಗ್ತಾರೆ. ಸುಮಾರು ಹೊತ್ತಿನವರೆಗೆ ಎಲ್ಲಿ ನಗಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದು ಅವರಿಗೆ ಗೊತ್ತಾಗೋದೇ ಇಲ್ಲ.